ಹದಿನಾರು ಕಂತಿನ ಪ್ರೇಮ

ವಾಡಿ ಜಂಕ್ಷನ್ನಿನಿಂದ ಸೇಡಂ ಕಡೆಗೆ ರೈಲು ಹೊರಟಿತ್ತು. ಎದುರಿನ ಸೀಟಿನಲ್ಲಿ ಕಾಲೇಜಿಗೆ ಹೋಗಿಬರುವ ಇಬ್ಬರು ಹುಡುಗಿಯರು ಒಂದೇ ಮೊಬೈಲಿನ ಮೇಲೆ ಬಗ್ಗಿ ಕುಳಿತಿದ್ದರು. ಅದರೊಳಗಿಂದ ಹೆಣ್ಣುದನಿಯೊಂದು 'ಅಪ್ಪಾ' ಎಂದು ಕರೆಯಿತು. ಕನ್ನಡ ಧಾರಾವಾಹಿ ಇರಬೇಕೆಂದುಕೊಂಡೆ. ಮುಂದಿನ ಮಾತು ಒಂದೂ ತಿಳಿಯಲಿಲ್ಲ. ಏನದು ಎಂದು ಕೇಳಿದೆ. 'ಇದು ಕೊರಿಯಾದ್ದರಿ ಸರ. ನೀವೂ ನೋಡ್ರಿ, ಭಾಳ ಛಲೋ ಅದ' ಎಂದಳು ಒಬ್ಬಳು. ಚಿತ್ತಾಪುರ ಬಂದು ಹೋದದ್ದೂ ಅವರಿಗೆ ಗೊತ್ತಾಗಲಿಲ್ಲ.

ಕೊರಿಯಾದ ಮಕ್ಕಳು ತಂದೆಯನ್ನು 'ಅಪ್ಪ' ಎಂದೇ ಕರೆಯುತ್ತಾರೆ. ತಾಯಿ 'ಒಮ್ಮ'. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ನಮ್ಮಂತೆಯೇ. ಹಾಗೆಂದು ಅವರು ನಮ್ಮ ಬಳಗವೆಂದು ಹೇಳಲು ಅವಸರ ಬೇಡ. ತುಟಿ ಮುಚ್ಚಿ ತೆರೆದರೆ ಹುಟ್ಟುವ ಪ, ಬ, ಮ ಧ್ವನಿಗಳು ಕೂಸಿನ ಬಾಯಿಗೆ ಬೇಗ ಸಿಕ್ಕುವಂಥವು. ಎಷ್ಟೋ ಭಾಷೆಗಳಲ್ಲಿ ತಂದೆ ತಾಯಿಯನ್ನು ಕರೆಯುವ ಮಾತು ಅವುಗಳಿಂದಲೇ ಆಗಿದೆ. ಆದರೂ ಗುರುತಿಲ್ಲದ ಮನೆಯೊಳಗಿಂದ ಗುರುತಿನ ಮಾತು ಕೇಳಿದರೆ ಒಳಗೆ ಹೋಗಲು ಧೈರ್ಯ ಬರುತ್ತದೆ. ನಾನೂ ಹೋದೆ. ನನ್ನ ಹೆಂಡತಿ ನನಗಿಂತ ಮೊದಲೇ ಹೋಗಿದ್ದಳೆಂಬುದು ಆಮೇಲೆ ತಿಳಿಯಿತು.

ಈ ಧಾರಾವಾಹಿಗಳ ದೊಡ್ಡ ಗುಣವೆಂದರೆ ಅವು ಮುಗಿಯುತ್ತವೆ. ಸಾಮಾನ್ಯವಾಗಿ 16 ಕಂತು, ಒಂದೊಂದೂ ಒಂದು ಗಂಟೆಯ ಆಚೀಚೆ. ವಾರಕ್ಕೆ ಎರಡರಂತೆ ಎಂಟು ವಾರದಲ್ಲಿ ಕಥೆ ದಡ ಸೇರುತ್ತದೆ. ದೂರದರ್ಶನದ ಹದಿಮೂರು ವಾರದ ಧಾರಾವಾಹಿ ನೋಡಿ ಬೆಳೆದ ನಮ್ಮ ವಯಸ್ಸಿನವರಿಗೆ ಈ ಅಳತೆ ಹೊಸದಲ್ಲ. ಹಲವು ಧಾರಾವಾಹಿಗಳು ಹಿಂದಿ, ತೆಲುಗಿಗೆ ಡಬ್ ಆಗಿವೆ. ತೆಲಂಗಾಣದ ಗಡಿಯಲ್ಲಿರುವ ಸೇಡಂ, ಚಿಂಚೋಳಿಯವರಿಗೆ ಅಷ್ಟು ಸಾಕು.

ಹೊಸಬರು ಯಾವುದರಿಂದ ಶುರು ಮಾಡಬೇಕು? 2021ರ 'ಹೋಮ್‌ಟೌನ್ ಚಾ-ಚಾ-ಚಾ' ನನ್ನ ಮೊದಲ ಸಲಹೆ. ಸೋಲ್ ನಗರದ ದಂತವೈದ್ಯೆ ಕಡಲತೀರದ ಊರಿಗೆ ಬಂದು ದವಾಖಾನೆ ತೆರೆಯುತ್ತಾಳೆ. ಅಲ್ಲೊಬ್ಬ ಯುವಕ ಊರಿನ ಎಲ್ಲ ಕೆಲಸಕ್ಕೂ ಒದಗುವವನು. ಅಂಥವನೊಬ್ಬ ಶಹಾಬಾದಿನ ಓಣಿಯಲ್ಲೂ ಸಿಗುತ್ತಾನೆ. ಖಳನಾಯಕನಿಲ್ಲ, ಅತ್ತೆಯ ಕುತಂತ್ರವಿಲ್ಲ.

ಎರಡನೆಯದು, 2019ರ ಡಿಸೆಂಬರಿನಲ್ಲಿ ಆರಂಭವಾದ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ'. ಪ್ಯಾರಾಗ್ಲೈಡಿಂಗ್ ಮಾಡುತ್ತಿದ್ದ ದಕ್ಷಿಣ ಕೊರಿಯಾದ ಸಿರಿವಂತೆ ಸುಂಟರಗಾಳಿಗೆ ಸಿಕ್ಕು ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ. ಅವಳನ್ನು ಬಚ್ಚಿಟ್ಟು ಕಾಪಾಡುವವನು ಅಲ್ಲಿಯ ಸೈನ್ಯಾಧಿಕಾರಿ. ಸುಂಟರಗಾಳಿಯ ಭೌತಶಾಸ್ತ್ರವನ್ನು ನಾನು ಪರೀಕ್ಷಿಸಲು ಹೋಗಲಿಲ್ಲ. ಆದರೆ ಗಡಿ ನಿಜ. 1953ರಲ್ಲಿ ಯುದ್ಧ ನಿಂತರೂ ಶಾಂತಿ ಒಪ್ಪಂದ ಇನ್ನೂ ಆಗಿಲ್ಲ. ಈ ಜೋಡಿಯಾಗಿ ನಟಿಸಿದ ಹ್ಯುನ್ ಬಿನ್ ಮತ್ತು ಸೋನ್ ಯೇ-ಜಿನ್ 2022ರಲ್ಲಿ ನಿಜವಾಗಿಯೂ ಮದುವೆಯಾದರು.

ಆಮೇಲೆ 2022ರ 'ಎಕ್ಸ್ಟ್ರಾಆರ್ಡಿನರಿ ಅಟಾರ್ನಿ ವೂ'. ಆಟಿಸಂ ಇರುವ ಯುವ ವಕೀಲೆಯ ಕಥೆ. ಕೊನೆಗೆ 2025ರ 'ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್'. ಜೇಜು ದ್ವೀಪದ ಬಡ ಹುಡುಗಿ, ಮಾತು ಕಡಿಮೆಯ ಹುಡುಗ, ಅವರ ಇಡೀ ಬಾಳು. ಇದನ್ನು ಮೊದಲೇ ನೋಡಬೇಡಿ, ಅಳು ಜಾಸ್ತಿ.

2009ರ 'ಬಾಯ್ಸ್ ಓವರ್ ಫ್ಲವರ್ಸ್' ಬಹಳ ಹೆಸರುವಾಸಿ. ಆದರೆ ಅದರಲ್ಲಿ ಹುಡುಗಿಯನ್ನು ಪೀಡಿಸುವ ಶ್ರೀಮಂತನೇ ಕೊನೆಗೆ ನಾಯಕ. ಹಳೆಯ ಧಾರಾವಾಹಿಗಳಲ್ಲಿ ಹುಡುಗಿಯ ಕೈ ಹಿಡಿದು ಎಳೆದೊಯ್ಯುವುದನ್ನೇ ಪ್ರೀತಿಯೆಂದು ತೋರಿಸುವ ಚಾಳಿಯಿತ್ತು. ಬೇಡ. ಹಾಗೆಯೇ ಪರದೆಯ ಕೊರಿಯಾವೇ ನಿಜವಾದ ಕೊರಿಯಾ ಎಂದೂ ತಿಳಿಯಬೇಡಿ. ಜನಸಂಖ್ಯೆ ಸ್ಥಿರವಾಗಿರಲು ಒಬ್ಬ ಮಹಿಳೆಗೆ ಸರಾಸರಿ 2.1 ಮಕ್ಕಳು ಬೇಕು. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಅದು 0.72 ಇತ್ತು. ಮನೆಯ ಬೆಲೆ, ದುಡಿಮೆಯ ಒತ್ತಡ, ಮಕ್ಕಳ ಓದಿನ ಖರ್ಚಿಗೆ ಹೆದರಿ ಅಲ್ಲಿಯ ಯುವಕರು ಮದುವೆಯನ್ನೇ ಮುಂದೂಡುತ್ತಿದ್ದಾರೆ.

ಹಾಗಾದರೆ ನೋಡುವುದೇಕೆ? ಅಲ್ಲಿ ಪ್ರೀತಿಯ ಮೊದಲ ಮಾತು ಹೆಚ್ಚಾಗಿ 'ಊಟ ಆಯ್ತಾ?' ಎಂಬುದೇ. ಜ್ವರ ಬಂದವಳಿಗೆ ಗಂಜಿ ಕಾಯಿಸುವುದು, ಮಳೆಯಲ್ಲಿ ಕೊಡೆ ಹಿಡಿಯುವುದು, ಒಂದು ಕೈ ಇನ್ನೊಂದು ಕೈಯನ್ನು ಮುಟ್ಟಲು ಎಷ್ಟೋ ಕಂತು ಕಾಯುವುದು. ತಂದೆ ಮಗಳು ಒಂದೇ ಕೋಣೆಯಲ್ಲಿ ಮುಜುಗರವಿಲ್ಲದೆ ಕುಳಿತು ನೋಡಬಹುದಾದ ಪ್ರೇಮಕಥೆಗಳು ನಮ್ಮಲ್ಲಿ ಎಷ್ಟಿವೆ?

ಇದನ್ನು ಸುಮ್ಮನೆ ಕೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಜಾಣ ಹುಡುಗಿಯೊಬ್ಬಳ ಮೊಬೈಲಿನಲ್ಲಿ ಮನೆಯವರಿಗೆ ಒಂದು ಸಂದೇಶ ಸಿಕ್ಕಿತು. ಹುಡುಗ ಬೇರೆ ಜಾತಿಯವನು. ಪರೀಕ್ಷೆ ಮುಗಿದ ಮೇಲೆ ಅವಳು ಕಾಲೇಜಿನ ಮುಖ ನೋಡಲಿಲ್ಲ. ಆ ವಯಸ್ಸಿನ ಮಗಳ ಬಗ್ಗೆ ತಂದೆ ತಾಯಿ ಆತಂಕಪಡುವುದು ತಪ್ಪಲ್ಲ. ಆದರೆ ಆತಂಕಕ್ಕೆ ಔಷಧ ಓದು ಬಿಡಿಸುವುದೇ? ನಾನು ಅವರ ಮನೆಗೆ ಹೋಗಿ ನಾಲ್ಕು ಮಾತು ಹೇಳಬಹುದಿತ್ತು. ಬೇರೆಯವರ ಮನೆಯ ವಿಷಯವೆಂದು ಸುಮ್ಮನಾದೆ. ವಿಜ್ಞಾನದ ಪಾಠದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವನ್ನು ಬೋರ್ಡಿನ ಕಡೆ ಮುಖ ಮಾಡಿ ಮುಗಿಸುತ್ತಿದ್ದವನು ನಾನು. ಪ್ರೀತಿಯ ಬಗ್ಗೆ ಮಾತಾಡುವ ಬಾಯಿ ಎಲ್ಲಿಂದ ಬರಬೇಕು?

ಉತ್ತರ, ದಕ್ಷಿಣದ ನಡುವಿನ ತಂತಿಬೇಲಿ ದಾಟಿದ ಪ್ರೇಮಿಗಳಿಗಾಗಿ ನಾವು ಸೆರಗಿನಿಂದ, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತೇವೆ. ನಮ್ಮ ಓಣಿಯ ಬೇಲಿಯ ಮಾತು ಬಂದ ಕೂಡಲೇ ಟಿ.ವಿ. ಆರಿಸುತ್ತೇವೆ. ಹದಿನಾರು ಕಂತುಗಳಲ್ಲಿ ಯಾವುದಾದರೂ ಒಂದರ ಕೊನೆಗೆ, ಪಕ್ಕದಲ್ಲಿ ಕುಳಿತ ಮಗಳನ್ನು 'ಆ ಹುಡುಗಿ ಮಾಡಿದ್ದು ಸರಿ ಅನಸ್ತದೇನವ್ವ?' ಎಂದು ಕೇಳಿ ನೋಡಿ. ಉತ್ತರ ಕೊಡಲು ಅವಳು ತುಸು ತಡಮಾಡಬಹುದು. ಅಲ್ಲಿಯವರೆಗೆ ಮುಂದಿನ ಕಂತು ಹಾಕಬೇಡಿ.