ಗಿಟಾರಿನ ಓರೆ ಫ್ರೆಟ್‌ಗಳು: ವಿಜ್ಞಾನವೋ, ಬರೀ ಶೋಕಿಯೋ?

ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ನಮ್ಮ ವೀಣೆಯ ಮೆಟ್ಟಿಲುಗಳು ಮಾಡುವ ಕೆಲಸವನ್ನೇ ಅವೂ ಮಾಡುತ್ತವೆ. ಸಾಮಾನ್ಯ ಗಿಟಾರಿನಲ್ಲಿ ಈ ಪಟ್ಟಿಗಳೆಲ್ಲ ಒಂದಕ್ಕೊಂದು ಸಮಾನಾಂತರ. ಆದರೆ ಕೆಲವು ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಅವು ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿ ಹರಡಿಕೊಂಡಿರುತ್ತವೆ. ಇವುಗಳಿಗೆ ಫ್ಯಾನ್ಡ್ ಫ್ರೆಟ್ ಅಥವಾ ಮಲ್ಟಿಸ್ಕೇಲ್ ಗಿಟಾರ್ ಎಂದು ಹೆಸರು.

ಇಂಥ ಗಿಟಾರಿನ ಫೋಟೋ ನೋಡಿದವರಲ್ಲಿ ಕೆಲವರು ಎಡಿಟ್ ಮಾಡಿದ್ದಾರೆ ಎನ್ನುತ್ತಾರೆ. ಇದರಲ್ಲಿ ಅಪಸ್ವರವೇ ಬರುವುದಿಲ್ಲ ಎನ್ನುವವರೂ ಇದ್ದಾರೆ, ಕೈನೋವಿಗೆ ಇದೇ ಪರಿಹಾರ ಎನ್ನುವವರೂ ಇದ್ದಾರೆ. ಹೇಳಿ ಮಾಡಿಸುವ ಗಿಟಾರ್ ಅಗ್ಗದ ವಸ್ತುವಲ್ಲ. ಹಣ ಹಾಕುವ ಮುಂಚೆ ಈ ಮಾತುಗಳಲ್ಲಿ ನಿಜ ಎಷ್ಟು ಎಂದು ನೋಡೋಣ.

ತಂತಿಯ ಸ್ವರವನ್ನು ನಿರ್ಧರಿಸುವುದು ಯಾವುದು?

ಮೂರು ಸಂಗತಿಗಳು: ತಂತಿಯ ಉದ್ದ, ಬಿಗಿತ ಮತ್ತು ತೂಕ. ಉದ್ದ ಹೆಚ್ಚಾದರೆ ಸ್ವರ ಇಳಿಯುತ್ತದೆ, ಬಿಗಿ ಮಾಡಿದರೆ ಏರುತ್ತದೆ, ತಂತಿ ದಪ್ಪವಾದರೆ ಮತ್ತೆ ಇಳಿಯುತ್ತದೆ. ಫ್ರಾನ್ಸಿನ ಮರಿನ್ ಮರ್ಸೆನ್ ಈ ನಿಯಮಗಳನ್ನು 1636ರಲ್ಲೇ ಬರೆದಿಟ್ಟಿದ್ದಾರೆ.

ಪಿಯಾನೋದ ಒಳಗೆ ಇಣುಕಿದರೆ ಮಂದ್ರ ಸ್ವರದ ತಂತಿಗಳು ಉದ್ದವಾಗಿಯೂ ತಾರ ಸ್ವರದವು ಗಿಡ್ಡವಾಗಿಯೂ ಕಾಣುತ್ತವೆ. ಗಾಯಕರು ತೊಡೆಯ ಮೇಲಿಟ್ಟುಕೊಂಡು ಮೀಟುವ ಸ್ವರಮಂಡಲ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿರುವುದೂ ಇದೇ ಕಾರಣಕ್ಕೆ. ಗಿಟಾರ್ ಹಾಗಲ್ಲ. ಅದರ ಆರೂ ತಂತಿಗಳ ಉದ್ದ ಬಹುತೇಕ ಒಂದೇ. ಅತಿ ಕೆಳಗಿನ ಸ್ವರದ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಿದರೆ, ಅತಿ ಮೇಲಿನದು ಸುಮಾರು 330 ಬಾರಿ. ಈ ನಾಲ್ಕು ಪಟ್ಟು ವ್ಯತ್ಯಾಸವನ್ನು ಹೆಚ್ಚಾಗಿ ತಂತಿಯ ದಪ್ಪದಿಂದಲೇ ಸರಿದೂಗಿಸಬೇಕು. ಆರು ತಂತಿಗಳ ಮಟ್ಟಿಗೆ ಈ ರಾಜಿ ಚೆನ್ನಾಗಿಯೇ ನಡೆಯುತ್ತದೆ.

ತೊಂದರೆ ಶುರುವಾಗುವುದು ಎಲ್ಲಿ?

ಹೆವಿ ಮೆಟಲ್‌ನಂಥ ಸಂಗೀತ ನುಡಿಸುವವರು ಇನ್ನೂ ಕೆಳಗಿನ ಸ್ವರ ಬೇಕೆಂದು ಏಳು, ಎಂಟು ತಂತಿಗಳ ಗಿಟಾರ್ ಬಳಸುತ್ತಾರೆ. ಏಳನೆಯ ತಂತಿಯ ಕಂಪನ ಸೆಕೆಂಡಿಗೆ ಸುಮಾರು 62. ಆರನೆಯ ತಂತಿಯನ್ನೇ ಸಡಿಲಿಸಿ ಇಷ್ಟು ಕೆಳಗೆ ತಂದರೆ ಅದರ ಬಿಗಿತ ಮೊದಲಿದ್ದದ್ದರ ಶೇ. 56ಕ್ಕೆ ಇಳಿಯುತ್ತದೆ. ಆಗ ತಂತಿ ಫ್ರೆಟ್‌ಗೆ ತಾಗಿ ಝರ್ ಎನ್ನುತ್ತದೆ, ಜೋರಾಗಿ ಮೀಟಿದರೆ ಶ್ರುತಿ ಮೇಲಕ್ಕೆ ಜಿಗಿಯುತ್ತದೆ.

ದಪ್ಪ ತಂತಿ ಹಾಕಿದರೆ ಬಿಗಿತ ವಾಪಸ್ ಬರುತ್ತದೆ. ಆದರೆ ತಂತಿ ತೀರಾ ದಪ್ಪವಾದಂತೆ ಸರಳಿನ ಹಾಗೆ ಸೆಟೆದುಕೊಳ್ಳುತ್ತದೆ. ಅದರ ಉಪಸ್ವರಗಳು ಇರಬೇಕಾದ ಜಾಗಕ್ಕಿಂತ ಸ್ವಲ್ಪ ಮೇಲಕ್ಕೆ ಸರಿದು ನಾದ ಮಬ್ಬಾಗುತ್ತದೆ. ಉಳಿದ ದಾರಿ ಉದ್ದ ಹೆಚ್ಚಿಸುವುದು. 25.5 ಇಂಚಿನ ತಂತಿಯನ್ನು 27 ಇಂಚು ಮಾಡಿ ಅದೇ ಸ್ವರಕ್ಕೆ ಶ್ರುತಿ ಮಾಡಿದರೆ ಬಿಗಿತ ಸುಮಾರು ಶೇ. 12 ಹೆಚ್ಚುತ್ತದೆ.

ಹಾಗಾದರೆ ಎಲ್ಲ ತಂತಿಗಳನ್ನೂ 27 ಇಂಚು ಮಾಡಬಾರದೇಕೆ? ಮಾಡಬಹುದು, ಅಂಥ ಗಿಟಾರ್‌ಗಳೂ ಇವೆ. ಆದರೆ ತೆಳು ತಂತಿಗಳೂ ಅಷ್ಟೇ ಬಿಗಿಯಾಗಿ, ಎಳೆದು ಗಮಕದಂತೆ ಸ್ವರ ಏರಿಸುವುದು ಕಷ್ಟವಾಗುತ್ತದೆ, ಬೇಗ ಕಡಿಯುವ ಅಪಾಯವೂ ಹೆಚ್ಚು. ಆದ್ದರಿಂದ ದಪ್ಪ ತಂತಿಗೆ 27 ಇಂಚು, ತೆಳು ತಂತಿಗೆ 25.5 ಇಂಚು, ನಡುವಿನವಕ್ಕೆ ಕ್ರಮವಾಗಿ ನಡುವಿನ ಉದ್ದ. ಇದೇ ಮಲ್ಟಿಸ್ಕೇಲ್. ಫ್ರೆಟ್‌ಗಳು ಓರೆಯಾಗುವುದು ಇದರ ಪರಿಣಾಮವೇ ಹೊರತು ಅಲಂಕಾರವಲ್ಲ.

ಇದು ಹೊಸ ಆವಿಷ್ಕಾರವೇ?

ಪೂರ್ತಿ ಅಲ್ಲ. 16ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿದ್ದ ಆರ್ಫೇರಿಯನ್ ಎಂಬ ಲೋಹತಂತಿಯ ವಾದ್ಯದಲ್ಲೂ ಓರೆ ಫ್ರೆಟ್‌ಗಳಿದ್ದವು. ಈ ಕಾಲದ ಗಿಟಾರಿಗೆ ಅದನ್ನು ಅಳವಡಿಸಿ 1989ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ರಾಲ್ಫ್ ನೊವಾಕ್. ಜ್ಯಾಝ್ ಕಲಾವಿದ ಚಾರ್ಲಿ ಹಂಟರ್ ಅವರ ಎಂಟು ತಂತಿಯ ಗಿಟಾರನ್ನು ನುಡಿಸಿ ಹೆಸರು ಮಾಡಿದರು. ಪೇಟೆಂಟ್ ಅವಧಿ ಮುಗಿದಿರುವುದರಿಂದ ಈಗ ಯಾರು ಬೇಕಾದರೂ ಇಂಥ ಗಿಟಾರ್ ತಯಾರಿಸಬಹುದು.

ಹೇಗೆ ತಯಾರಿಸುತ್ತಾರೆ?

ಫ್ರೆಟ್‌ನ ಜಾಗ ಲೆಕ್ಕದಿಂದ ಬರುತ್ತದೆ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್‌ನ ದೂರ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಹನ್ನೆರಡನೆಯ ಫ್ರೆಟ್ ಸರಿಯಾಗಿ ಅರ್ಧದಲ್ಲಿ ಬೀಳುತ್ತದೆ. 27 ಇಂಚಿನ ಬದಿಯಲ್ಲಿ ಮೊದಲ ಫ್ರೆಟ್ 38.5 ಮಿಲಿಮೀಟರ್ ದೂರದಲ್ಲಿದ್ದರೆ, 25.5 ಇಂಚಿನ ಬದಿಯಲ್ಲಿ 36.4 ಮಿಲಿಮೀಟರ್ ದೂರದಲ್ಲಿರುತ್ತದೆ. ಎರಡೂ ಅಂಚುಗಳಲ್ಲಿ ಹೀಗೆ ಗುರುತು ಹಾಕಿ ನೇರ ಗೆರೆ ಎಳೆದರೆ ಮುಗಿಯಿತು. ತಂತಿಗಳ ಎರಡೂ ತುದಿಗಳು ನೇರ ಗೆರೆಗಳ ಮೇಲಿದ್ದರೆ, ನಡುವಿನ ತಂತಿಗಳ ಲೆಕ್ಕವೂ ತಾನಾಗಿ ಸರಿಹೊಂದುತ್ತದೆ.

ಯಾವುದಾದರೂ ಒಂದು ಫ್ರೆಟ್ ಮಾತ್ರ ಓರೆಯಿಲ್ಲದೆ ಅಡ್ಡಕ್ಕೆ ನೇರವಾಗಿರುತ್ತದೆ. ಅದು ಯಾವುದೆಂದು ಮೊದಲೇ ತೀರ್ಮಾನಿಸಬೇಕು. ನಮ್ಮ ಉದಾಹರಣೆಯಲ್ಲಿ ಏಳನೆಯದನ್ನು ಆರಿಸಿದರೆ ಕತ್ತಿನ ತುದಿಯ ನಟ್ ಸುಮಾರು 12.7 ಮಿಲಿಮೀಟರ್, ಇನ್ನೊಂದು ತುದಿಯ ಬ್ರಿಡ್ಜ್ ಸುಮಾರು 25.4 ಮಿಲಿಮೀಟರ್ ಓರೆಯಾಗುತ್ತವೆ. ಹನ್ನೆರಡನೆಯದನ್ನು ಆರಿಸಿದರೆ ಎರಡೂ ಕಡೆ ತಲಾ 19 ಮಿಲಿಮೀಟರ್.

ಅಳೆಯುವಾಗ ಎಲ್ಲ ಫ್ರೆಟ್‌ಗಳನ್ನೂ ನಟ್‌ನಿಂದಲೇ ಅಳೆಯಬೇಕು. ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಸಣ್ಣ ತಪ್ಪುಗಳು ಸೇರಿಕೊಂಡು ದೊಡ್ಡದಾಗುತ್ತವೆ. ಅರ್ಧ ಮಿಲಿಮೀಟರ್ ತಪ್ಪು ಮೊದಲ ಫ್ರೆಟ್‌ನಲ್ಲಿ ಕಿವಿಗೆ ಗೊತ್ತಾಗದಿರಬಹುದು. ಆದರೆ ತಂತಿಯ ಉಳಿದ ಭಾಗ ಗಿಡ್ಡವಾದಷ್ಟೂ ಅದೇ ತಪ್ಪು ಹೆಚ್ಚು ಅಪಸ್ವರವಾಗುತ್ತದೆ. ಇಪ್ಪತ್ತನಾಲ್ಕನೆಯ ಫ್ರೆಟ್‌ನಲ್ಲಿ ಅದು ಸುಮಾರು ನಾಲ್ಕು ಪಟ್ಟು.

ನುಡಿಸುವುದು ಕಷ್ಟವೇ?

ನೋಡಲು ಕಾಣುವಷ್ಟು ಕಷ್ಟವಿಲ್ಲ. ಕತ್ತಿನ ಉದ್ದಕ್ಕೂ ಕೈ ಜಾರಿಸಿದಂತೆ ಮಣಿಕಟ್ಟಿನ ಕೋನ ಹೇಗೂ ಬದಲಾಗುತ್ತದೆ. ಫ್ರೆಟ್‌ಗಳೂ ಹೆಚ್ಚು ಕಡಿಮೆ ಅದೇ ದಿಕ್ಕಿಗೆ ವಾಲಿರುತ್ತವೆ. ಬಿಡಿ ಸ್ವರಗಳನ್ನು ನುಡಿಸಲು ಬೇಗ ಒಗ್ಗಿಕೊಳ್ಳಬಹುದು. ಓರೆ ಹೆಚ್ಚಿದ್ದರೆ ಮಾತ್ರ ನಟ್ ಬಳಿ ಒಂದೇ ಬೆರಳಿನಿಂದ ಎಲ್ಲ ತಂತಿಗಳನ್ನು ಒತ್ತುವ ಬಾರ್ ಕಾರ್ಡ್‌ಗಳು ಕಾಡುತ್ತವೆ.

ಕೇಳಿಬರುವ ಮಾತು, ಇರುವ ನಿಜ

ಇದರಲ್ಲಿ ಅಪಸ್ವರವೇ ಬರುವುದಿಲ್ಲ: ತಪ್ಪು. ಸಾಮಾನ್ಯ ಗಿಟಾರಿನ ಲೆಕ್ಕವನ್ನೇ ಇಲ್ಲಿ ಪ್ರತಿ ತಂತಿಗೂ ಬೇರೆ ಬೇರೆಯಾಗಿ ಹಾಕಿರುತ್ತಾರೆ, ಅಷ್ಟೇ. ದಪ್ಪ ತಂತಿಯ ನಾದ ಸ್ಪಷ್ಟವಾಗುವುದು ನಿಜ. ಅಂಕುಡೊಂಕಾಗಿ ಬಾಗಿದ ಫ್ರೆಟ್‌ಗಳಿರುವ ಗಿಟಾರ್ ಬೇರೆಯೇ. ಅದರ ಉದ್ದೇಶ ಶ್ರುತಿಯನ್ನು ತಿದ್ದುವುದು. ಜನ ಇವೆರಡನ್ನೂ ಗೊಂದಲ ಮಾಡಿಕೊಳ್ಳುತ್ತಾರೆ.

ಕೈನೋವು ವಾಸಿಯಾಗುತ್ತದೆ: ಹಾಗೆ ನಂಬಬೇಡಿ. ಕೆಲವರಿಗೆ ಹಿಡಿತ ಹಿತವೆನಿಸಬಹುದು, ಆದರೆ ಗಿಟಾರ್ ಔಷಧಿಯಲ್ಲ. ಬಿಡುವಿಲ್ಲದ ಅಭ್ಯಾಸ, ಮಣಿಕಟ್ಟನ್ನು ಅತಿಯಾಗಿ ಮಡಿಸುವುದು, ಬೇಕಾದ್ದಕ್ಕಿಂತ ಜೋರಾಗಿ ಒತ್ತುವುದು ಇವೆಲ್ಲ ಯಾವ ಗಿಟಾರಿನಲ್ಲೂ ನೋವು ತರುತ್ತವೆ. ಬೆರಳು ಜೋಮು ಹಿಡಿಯುತ್ತಿದ್ದರೆ, ರಾತ್ರಿಯೂ ನೋವಿದ್ದರೆ ಹೊಸ ಗಿಟಾರ್ ಹುಡುಕಬೇಡಿ, ವೈದ್ಯರಿಗೆ ತೋರಿಸಿ. ನರದ ಮೇಲಿನ ಒತ್ತಡವನ್ನು ನಿರ್ಲಕ್ಷಿಸಿದರೆ ಕೈಯ ಬಲವೇ ಕುಂದಬಹುದು.

ಎಲ್ಲರಿಗೂ ಇದೇ ಉತ್ತಮ: ಇಲ್ಲ. ಆರು ತಂತಿಯ ಗಿಟಾರನ್ನು ಮಾಮೂಲಿ ಶ್ರುತಿಯಲ್ಲಿ ನುಡಿಸುವವರಿಗೆ ಲಾಭ ಕಡಿಮೆ. ಒಂದು ಲೆಕ್ಕ ನೋಡಿ: ಅತಿ ತೆಳು ತಂತಿಯನ್ನು 0.010 ಇಂಚಿನದರ ಬದಲು 0.011 ಇಂಚಿನದಕ್ಕೆ ಬದಲಿಸಿದರೆ ಬಿಗಿತ ಶೇ. 21 ಹೆಚ್ಚುತ್ತದೆ. ಅಂದರೆ ಬಿಗಿತವಷ್ಟೇ ಬೇಕಿದ್ದರೆ ಹೊಸ ಗಿಟಾರ್ ಬೇಡ, ಹೊಸ ತಂತಿಗಳ ಸೆಟ್ ಸಾಕು.

ಕೊಳ್ಳುವ ಮುನ್ನ

ಇದರ ಬ್ರಿಡ್ಜ್ ಓರೆ, ಬಹಳಷ್ಟು ಮಾದರಿಗಳಲ್ಲಿ ಪಿಕಪ್ ಕೂಡ ಓರೆ. ಹಾಗಾಗಿ ಕೆಟ್ಟರೆ ಅಂಗಡಿಯಲ್ಲಿ ಸಿಗುವ ಯಾವುದೋ ಬಿಡಿಭಾಗ ಹೊಂದಿಕೊಳ್ಳದಿರಬಹುದು. ಎಡಗೈ ವಾದಕರು ತಂತಿ ಅದಲುಬದಲು ಮಾಡಿ ಗಿಟಾರನ್ನು ತಿರುಗಿಸಿ ಹಿಡಿಯಲೂ ಆಗುವುದಿಲ್ಲ, ಏಕೆಂದರೆ ಉದ್ದದ ಬದಿಗೆ ತೆಳು ತಂತಿ ಬಂದುಬಿಡುತ್ತದೆ. ಹೇಳಿ ಮಾಡಿಸುವ ಮುಂಚೆ ಇಂಥ ಗಿಟಾರನ್ನು ಅರ್ಧ ಗಂಟೆಯಾದರೂ ಕೈಯಲ್ಲಿ ಹಿಡಿದು ನುಡಿಸಿ ನೋಡಿ. ಏಳೆಂಟು ತಂತಿ ಬೇಕಾದವರಿಗೆ, ಮಂದ್ರದಲ್ಲೇ ಹೆಚ್ಚು ನುಡಿಸುವವರಿಗೆ ಇದು ನಿಜಕ್ಕೂ ಕೆಲಸಕ್ಕೆ ಬರುವ ವಿನ್ಯಾಸ. ಮಗ ಅಥವಾ ಮಗಳು ಈಗಷ್ಟೇ ಗಿಟಾರ್ ಕ್ಲಾಸಿಗೆ ಸೇರಿದ್ದರೆ, ನೇರ ಫ್ರೆಟ್‌ನ ಸಾದಾ ಗಿಟಾರೇ ಸಾಕು.