ಒಂದೇ ಹೆಸರಿನ ಎರಡು ಸೂಜಿಗಳು: ಮಧುಮೇಹದ ಹೊಸ ಮದ್ದು ಮತ್ತು ಗಡಿನಾಡಿನ ಗೊಂದಲ

ಸೆಮಾಗ್ಲುಟೈಡ್ ಎಂಬ ಔಷಧದ ಮೇಲೆ ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿಗೆ ಭಾರತದಲ್ಲಿದ್ದ ಪೇಟೆಂಟ್ ಹಕ್ಕು 2026ರ ಮಾರ್ಚ್‌ನಲ್ಲಿ ಕೊನೆಗೊಂಡಿತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಮದ್ದು ಓಜೆಂಪಿಕ್ ಎಂಬ ಹೆಸರಿನಲ್ಲಿ ಮಧುಮೇಹಕ್ಕೂ ವೆಗೋವಿ ಎಂಬ ಹೆಸರಿನಲ್ಲಿ ಬೊಜ್ಜಿಗೂ ಮಾರಾಟವಾಗುತ್ತಿದೆ. ಇದೇ ಬಗೆಯ ಇನ್ನೊಂದು ಔಷಧ, ಅಮೆರಿಕದ ಇಲೈ ಲಿಲಿ ಕಂಪನಿಯ ಮೌಂಜಾರೊ, 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಅದರ ತಿಂಗಳ ಖರ್ಚು ಸುಮಾರು 14,000ದಿಂದ 17,500 ರೂಪಾಯಿ. ಅಷ್ಟು ಹಣ ತೆರಬಲ್ಲವರು ನಮ್ಮ ನಡುವೆ ವಿರಳ. ಪೇಟೆಂಟ್ ಮುಗಿದುದರಿಂದ ಈಗ ದೇಶೀಯ ಕಂಪನಿಗಳಿಗೂ ಸೆಮಾಗ್ಲುಟೈಡ್ ತಯಾರಿಸಿ ಮಾರುವ ದಾರಿ ತೆರೆದಿದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಕೇಳಿಬರುತ್ತಿದ್ದ ಮದ್ದು ಕುಂಬಳೆ, ಉಪ್ಪಳ, ಬದಿಯಡ್ಕದ ಮೆಡಿಕಲ್ ಅಂಗಡಿಗಳಿಗೂ ಬರಲು ಹೆಚ್ಚು ಕಾಲ ಬೇಡ. ಮದ್ದಿಗಿಂತ ಮೊದಲೇ ಅದರ ಕುರಿತ ಮಾತುಗಳು ಬಂದು ತಲುಪಿವೆ.

ಇದು ಸಿರಿವಂತರ ಶೋಕಿಯ ಸುದ್ದಿಯೆಂದು ಬದಿಗಿರಿಸುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ವಯಸ್ಕರಲ್ಲಿ ಮಧುಮೇಹದ ಪ್ರಮಾಣ ದೇಶದಲ್ಲಿ ಶೇ. 11.4 ಆಗಿದ್ದರೆ ಕೇರಳದಲ್ಲಿ ಶೇ. 25.5. ಎಂದರೆ ನಾಲ್ವರು ವಯಸ್ಕರಲ್ಲಿ ಒಬ್ಬರು. ಗಡಿನಾಡಿನ ಯಾವ ಮನೆಯ ಪಡಸಾಲೆಯಲ್ಲಿ ಕುಳಿತರೂ ಸಕ್ಕರೆ ಕಾಯಿಲೆಯ ಮಾತು ಬಾರದೆ ಚಹಾ ಮುಗಿಯುವುದಿಲ್ಲ.

ನಾವು ವೈದ್ಯರಲ್ಲ, ಪಾಠ ಹೇಳುವವರು. ಆದರೆ ಶಾಲೆಯ ರಕ್ಷಕರ ಸಭೆಗಳಲ್ಲಿ, ಸಂಘಟನೆಯ ಕೆಲಸಕ್ಕೆಂದು ಮನೆಮನೆಗೆ ಹೋದಾಗ, ಔಷಧದ ಚೀಟಿಯನ್ನೋ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಹಾಳೆಯನ್ನೋ ನಮ್ಮ ಕೈಗಿತ್ತು 'ಇದರಲ್ಲಿ ಏನುಂಟು, ಸ್ವಲ್ಪ ಓದಿ ಹೇಳಿ ಮಾಸ್ಟ್ರೇ' ಎನ್ನುವವರು ಹಲವರು. ಹಾಗೆ ಓದಿ ಹೇಳುವಾಗ ನಮಗೆ ತಿಳಿದುಬಂದ ಒಂದು ಸಂಗತಿಯಿದೆ. ಈ ಮದ್ದಿನ ಕುರಿತ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಒಂದೇ ಬೇರಿನಿಂದ ಹುಟ್ಟಿದವು. ಇನ್ಸುಲಿನ್ನಿಗೂ ಈ ಹೊಸ ಮದ್ದಿಗೂ ನಮ್ಮ ಜನರ ಬಾಯಲ್ಲಿ ಇರುವುದು ಒಂದೇ ಹೆಸರು: 'ಶುಗರಿನ ಇಂಜೆಕ್ಷನ್'.

ಎರಡೂ ಪೆನ್ನಿನಂಥ ಸಾಧನದಲ್ಲಿ ಬರುತ್ತವೆ, ಎರಡನ್ನೂ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಚುಚ್ಚಿಕೊಳ್ಳುವುದು, ಎರಡನ್ನೂ ಫ್ರಿಜ್ಜಿನಲ್ಲಿಡುವುದು. ಹೀಗಿರುವಾಗ 'ದಿನಕ್ಕೆರಡು ಸಲ ಚುಚ್ಚುವ ಹಳೆಯ ಇಂಜೆಕ್ಷನಿನ ಬದಲು ವಾರಕ್ಕೊಂದು ಸಲ ಚುಚ್ಚುವ ಹೊಸತು ಬಂದಿದೆಯಂತೆ' ಎಂಬ ಮಾತು ಹರಡುವುದರಲ್ಲಿ ಆಶ್ಚರ್ಯವಿಲ್ಲ. ಕೇಳುವುದಕ್ಕೆ ಇಷ್ಟು ತರ್ಕಬದ್ಧವಾದ, ನಂಬಿದರೆ ಇಷ್ಟು ಅಪಾಯಕಾರಿಯಾದ ಮಾತು ಇನ್ನೊಂದಿಲ್ಲ.

ಇನ್ಸುಲಿನ್ ದೇಹಕ್ಕೆ ಬೇಕೇ ಬೇಕಾದ ಹಾರ್ಮೋನು. ಮೇದೋಜೀರಕ ಗ್ರಂಥಿ ಅದನ್ನು ತಯಾರಿಸದಿದ್ದರೆ ಹೊರಗಿನಿಂದ ಕೊಡಬೇಕು, ಕೊಡದಿದ್ದರೆ ಜೀವ ಉಳಿಯದು. ಸೆಮಾಗ್ಲುಟೈಡ್ ಇನ್ಸುಲಿನ್ ಅಲ್ಲ. ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಸೆಮಾಗ್ಲುಟೈಡ್ ಅದನ್ನು ಅನುಕರಿಸುವ ಔಷಧ. ರಕ್ತದಲ್ಲಿ ಸಕ್ಕರೆ ಏರಿದಾಗ ಅದು ಮೇದೋಜೀರಕವನ್ನು ಪ್ರಚೋದಿಸಿ ಅಲ್ಲಿರುವ ಇನ್ಸುಲಿನ್ ಹೊರಬರುವಂತೆ ಮಾಡುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಮಿದುಳಿಗೆ ಹೊಟ್ಟೆ ತುಂಬಿದ ಸೂಚನೆ ಕೊಡುತ್ತದೆ. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಇದರ ಜೊತೆಗೆ ಇನ್ನೂ ಒಂದು ಕರುಳಿನ ಹಾರ್ಮೋನಿನ ಕೆಲಸ ಮಾಡುತ್ತದೆ. ಬಾವಿಯಲ್ಲಿ ನೀರಿದ್ದರೆ ಮಾತ್ರ ಪಂಪು ಕೆಲಸ ಮಾಡುವುದು. ಇನ್ಸುಲಿನ್ನೇ ಬತ್ತಿದ ದೇಹದಲ್ಲಿ ಈ ಮದ್ದು ಇನ್ಸುಲಿನ್ನಿನ ಸ್ಥಾನ ತುಂಬಲಾರದು.

ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2019ರ ಜೂನ್‌ನಲ್ಲಿಯೇ ಈ ಬಗ್ಗೆ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತ್ತು. ಜಿಎಲ್‌ಪಿ-1 ವರ್ಗದ ಮದ್ದು ಆರಂಭಿಸಿದ ಟೈಪ್ 2 ಮಧುಮೇಹಿಗಳಲ್ಲಿ ಇನ್ಸುಲಿನ್ನನ್ನು ಒಮ್ಮೆಗೇ ಕಡಿಮೆ ಮಾಡಿದಾಗ ಅಥವಾ ನಿಲ್ಲಿಸಿದಾಗ ಕೀಟೊಆಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಕುತ್ತು ತರುವ ಸ್ಥಿತಿ, ಉಂಟಾದ ವರದಿಗಳಿದ್ದವು. ವೈದ್ಯರ ಕಣ್ಗಾವಲಿನಲ್ಲಿದ್ದವರಿಗೇ ಹೀಗಾದರೆ, ನೆರೆಮನೆಯವರ ಮಾತು ಕೇಳಿ ತಾವಾಗಿ ಇನ್ಸುಲಿನ್ ಬಿಡುವವರ ಗತಿಯೇನು?

ಟೈಪ್ 1 ಮಕ್ಕಳ ವಿಷಯದಲ್ಲಂತೂ ಸಂದೇಹಕ್ಕೆ ಎಡೆಯೇ ಇಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಡುವ ತನಕ ಇಂತಹ ಮಕ್ಕಳನ್ನು ಉಪವಾಸ ಕೆಡವಿ ಸಾವನ್ನು ಮುಂದೂಡುವುದೇ ಚಿಕಿತ್ಸೆಯಾಗಿತ್ತು. (ಪೇಟೆಂಟಿನ ಮಾತು ಬಂದುದರಿಂದ ಹೇಳಬೇಕು: ಇನ್ಸುಲಿನ್ನಿನ ಪೇಟೆಂಟನ್ನು ಅದರ ಶೋಧಕರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟಿದ್ದರು.) ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ 'ಮಿಠಾಯಿ' ಯೋಜನೆ ಟೈಪ್ 1 ಮಕ್ಕಳಿಗೆ ಇನ್ಸುಲಿನ್ನನ್ನೂ ಅದಕ್ಕೆ ಬೇಕಾದ ಸಲಕರಣೆಗಳನ್ನೂ ಉಚಿತವಾಗಿ ಒದಗಿಸುತ್ತದೆ, ರಾಜ್ಯದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ಆದರೆ ಕನ್ನಡ ಮಾಧ್ಯಮದ ಮಗುವಿನ ತಾಯಿಗೆ ಯೋಜನೆಯ ಹೆಸರೇ ಗೊಂದಲ ಹುಟ್ಟಿಸಬಹುದು. ಸಿಹಿ ತಿನ್ನಬಾರದೆಂದು ಎಲ್ಲರೂ ಹೇಳುವ ಕಾಯಿಲೆಗೆ ಮಿಠಾಯಿ ಎಂಬ ಯೋಜನೆಯೆ! ವಿವರಿಸಿ ಹೇಳುವವರಿದ್ದರೆ ಇದು ನಕ್ಕು ಬಿಡುವ ವಿಷಯ. ಹೇಳುವವರಿಲ್ಲದಿದ್ದರೆ ಮಗುವಿಗೆ ಸಿಗಬೇಕಾದ ಸೌಲಭ್ಯ ಸಿಗದೆ ಹೋಗುವ ವಿಷಯ.

ಹೊಸ ಸೂಜಿಯ ಮೇಲೆ ಅತಿಯಾದ ಭರವಸೆ ಇರುವಷ್ಟೇ ಹಳೆಯ ಸೂಜಿಯ ಮೇಲೆ ಅತಿಯಾದ ಭಯವಿದೆ. 'ಇನ್ಸುಲಿನ್ ಶುರುವಾಯಿತೆಂದರೆ ಕೊನೆಯ ಹಂತ', 'ಒಮ್ಮೆ ಹಿಡಿದರೆ ಮತ್ತೆ ಬಿಡಲಿಕ್ಕಿಲ್ಲ', 'ಕಿಡ್ನಿ ಹಾಳಾಗುವುದು ಅದರಿಂದಲೇ' ಎಂಬ ಮಾತುಗಳನ್ನು ನಾವು ಎಷ್ಟು ಸಲ ಕೇಳಿದ್ದೇವೆಯೋ ಲೆಕ್ಕವಿಲ್ಲ. ಗರ್ಭಿಣಿಯರಿಗೆ, ಶಸ್ತ್ರಚಿಕಿತ್ಸೆಯ ವೇಳೆ, ತೀವ್ರ ಸೋಂಕಿದ್ದಾಗ ಕೆಲಕಾಲ ಇನ್ಸುಲಿನ್ ಕೊಟ್ಟು ಮತ್ತೆ ನಿಲ್ಲಿಸುವುದು ವೈದ್ಯರ ನಿತ್ಯದ ಪದ್ಧತಿ. ಮೂತ್ರಪಿಂಡವನ್ನು ಕೆಡಿಸುವುದು ಹತೋಟಿ ತಪ್ಪಿದ ಸಕ್ಕರೆ. ಇನ್ಸುಲಿನ್ ಬೇಡವೆಂದು ವರ್ಷಗಟ್ಟಲೆ ಮುಂದೂಡಿ, ಕೊನೆಗೆ ಕಾಲಿನ ಹುಣ್ಣು ಕೊಳೆತ ಮೇಲೆ ಒಪ್ಪಿಕೊಂಡವರ ಪಾಲಿಗೆ ಅದು ನಿಜಕ್ಕೂ ಕೊನೆಯ ಹಂತದ ಮದ್ದಾಗಿ ಕಾಣುತ್ತದೆ. ಅದನ್ನು ಕಂಡ ಊರು ಸೂಜಿಯನ್ನು ದೂರುತ್ತದೆಯೇ ಹೊರತು ವಿಳಂಬವನ್ನಲ್ಲ.

ತೂಕ ಇಳಿಸುವ ಆಸೆಯಿಂದ ಈ ಮದ್ದಿನತ್ತ ನೋಡುವವರು ಬೇರೆಯೇ ಒಂದು ಗುಂಪು. ಇವರಲ್ಲಿ ಎರಡು ಬಗೆ: 'ನಾಲ್ಕು ಸೂಜಿಯಲ್ಲಿ ತೆಳ್ಳಗಾಗುತ್ತೇವೆ' ಎನ್ನುವವರು, 'ಅದು ಸೋಮಾರಿಗಳ ಮದ್ದು, ಬಾಯಿಗೆ ಕಡಿವಾಣ ಹಾಕಿದರೆ ಸಾಕು' ಎಂದು ಮೂಗು ಮುರಿಯುವವರು. ಇಬ್ಬರದೂ ಸರಿಯಲ್ಲ. 2021ರಲ್ಲಿ ಪ್ರಕಟವಾದ ಪ್ರಮುಖ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ಇಳಿದರೆ, ಆಹಾರ ಮತ್ತು ನಡಿಗೆಯ ಸಲಹೆಯ ಜೊತೆಗೆ ಮದ್ದಿಲ್ಲದ ಸೂಜಿ ಪಡೆದವರದು ಶೇ. 2.4ರಷ್ಟು ಮಾತ್ರ ಇಳಿಯಿತು. ಮನೋಬಲವೊಂದೇ ಸಾಕೆನ್ನುವವರು ಈ ಅಂತರವನ್ನು ಗಮನಿಸಬೇಕು. ಹಾಗೆಯೇ, ಮದ್ದು ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತು ಎಂಬುದನ್ನು ನಾಲ್ಕು ಸೂಜಿಯ ನಂಬಿಕೆಯವರು ಗಮನಿಸಬೇಕು. ಮೊದಲ ನಾಲ್ಕು ವಾರಗಳ 0.25 ಮಿಲಿಗ್ರಾಂ ಪ್ರಮಾಣ ದೇಹವನ್ನು ಒಗ್ಗಿಸುವುದಕ್ಕಷ್ಟೇ ಇರುವುದು. ಫಲವಿಲ್ಲವೆಂದು ಅಲ್ಲಿಗೇ ಬಿಡುವುದೂ ಬೇಗ ಫಲ ಸಿಗಲೆಂದು ಪ್ರಮಾಣವನ್ನು ಇಮ್ಮಡಿಸುವುದೂ ತಪ್ಪು. ಇಮ್ಮಡಿಸಿದವರಿಗೆ ವಾಂತಿ ಕಟ್ಟಿಟ್ಟದ್ದು. ಹಸಿವು ಕಡಿಮೆಯಾದಾಗ ಗಂಜಿ ಉಪ್ಪಿನಕಾಯಿಯಲ್ಲೇ ಊಟ ಮುಗಿಸಿ ಮೀನು, ಮೊಟ್ಟೆ, ಹೆಸರುಕಾಳುಗಳನ್ನು ಬಿಟ್ಟರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ವಯಸ್ಸಾದವರಿಗೆ ಇದು ಸಣ್ಣ ನಷ್ಟವಲ್ಲ.

ಮೊಬೈಲಿನಲ್ಲಿ ಹರಿದಾಡುವ 'ಕ್ಯಾನ್ಸರ್ ಬರುತ್ತದೆ, ಕಣ್ಣು ಹೋಗುತ್ತದೆ' ಎಂಬ ಸಂದೇಶಗಳಿಗೂ ಎರಡು ಮಾತು. ಎಂಡೋಸಲ್ಫಾನಿನಿಂದ ಅಪಾಯವಿಲ್ಲವೆಂಬ ಆಶ್ವಾಸನೆಯನ್ನು ಗೇರು ತೋಟಗಳ ನೆತ್ತಿಯ ಮೇಲೆ ವಿಮಾನ ಹಾರುತ್ತಿದ್ದಷ್ಟು ಕಾಲ ಕೇಳಿದ ಜಿಲ್ಲೆ ನಮ್ಮದು. ಇಲ್ಲಿನವರ ಶಂಕೆಯನ್ನು ಹಗುರಾಗಿ ಕಾಣಲು ನಮ್ಮಿಂದಾಗದು. ಆದರೆ ಶಂಕೆಗೂ ನಿಖರತೆ ಬೇಕು. ಇಲಿಗಳಲ್ಲಿ ಥೈರಾಯ್ಡ್ ಗಡ್ಡೆ ಕಂಡುಬಂದುದು ನಿಜ. ಆದುದರಿಂದಲೇ ಮೆಡುಲ್ಲರಿ ಎಂಬ ವಿರಳ ಬಗೆಯ ಥೈರಾಯ್ಡ್ ಕ್ಯಾನ್ಸರ್ ಕುಟುಂಬದಲ್ಲಿದ್ದವರಿಗೆ ಈ ಮದ್ದು ನಿಷಿದ್ಧ. ಸಕ್ಕರೆ ತಟ್ಟನೆ ಇಳಿದಾಗ ಈಗಾಗಲೇ ಇರುವ ಅಕ್ಷಿಪಟಲದ ತೊಂದರೆ ಉಲ್ಬಣಿಸಬಹುದು. ಆದುದರಿಂದ ಮೊದಲು ಕಣ್ಣಿನ ತಪಾಸಣೆಯಾಗಬೇಕು. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕದ ಉರಿಯೂತವೂ ಉಂಟು. ಗರ್ಭ ಧರಿಸಲು ಬಯಸುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮುಂಚೆ ನಿಲ್ಲಿಸಬೇಕು. ಗ್ಲಿಮೆಪಿರೈಡ್‌ನಂತಹ ಮಾತ್ರೆಯೊಂದಿಗೆ ಸೇರಿದಾಗ ಸಕ್ಕರೆ ಅತಿಯಾಗಿ ಕುಸಿಯಬಹುದು. ಇನ್ನೊಂದು ಪಕ್ಕದಲ್ಲಿ, 17,604 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಧುಮೇಹವಿಲ್ಲದ ಆದರೆ ಹೆಚ್ಚು ತೂಕವೂ ಹೃದ್ರೋಗವೂ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾಗಿ ಶೇ. 20ರಷ್ಟು ತಗ್ಗಿದವು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಪ್ರತಿಯೊಬ್ಬರ ದೇಹಸ್ಥಿತಿ ನೋಡಿ ವೈದ್ಯರು ತೀರ್ಮಾನಿಸಬೇಕಾದ ಸಂಗತಿ.

ಕಾಸರಗೋಡಿಗೇ ವಿಶಿಷ್ಟವಾದ ಇನ್ನೊಂದು ಹಾದಿಯಿದೆ, ಅದು ಗಲ್ಫಿನ ಪೆಟ್ಟಿಗೆ. ಅತ್ತರು, ಖರ್ಜೂರದ ಜೊತೆಗೆ ಈಗ ಪೆನ್ನುಗಳೂ ಬರತೊಡಗಿವೆ. ತೆರೆಯದ ಪೆನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಬಾರದು. ದುಬಾಯಿಯ ಬಿಸಿಲಿನ ಕಾರಿನಲ್ಲಿ, ವಿಮಾನದ ಸರಕು ಕೋಣೆಯಲ್ಲಿ ಕಳೆದ ಪೆನ್ನು ನೋಡುವುದಕ್ಕೆ ಹೊಸತೇ. ಒಳಗಿನ ಮದ್ದು ಕೆಟ್ಟಿದೆಯೇ ಎಂದು ಕಣ್ಣಿಗೆ ತಿಳಿಯದು. ನಕಲಿ ಓಜೆಂಪಿಕ್ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಸಿದೆ. ಒಂದೇ ಪೆನ್ನನ್ನು ಅತ್ತೆ ಸೊಸೆ ಹಂಚಿಕೊಳ್ಳುವುದೂ ಉಂಟು. ಸೂಜಿ ಬದಲಿಸಿದರೂ ರಕ್ತದಿಂದ ಹರಡುವ ಸೋಂಕು ದಾಟಬಹುದು.

ಗಲ್ಫಿನಿಂದ ಬರುವ ಇನ್ಸುಲಿನ್ ಬಾಟಲಿಯಲ್ಲಿಯೂ ಹೆಚ್ಚಿನವರಿಗೆ ತಿಳಿಯದ ಅಪಾಯವೊಂದಿದೆ. ಅದು ಸಾಮಾನ್ಯವಾಗಿ ಮಿಲಿಲೀಟರಿಗೆ 100 ಯೂನಿಟ್‌ನದು. ನಮ್ಮಲ್ಲಿ ಸಿಗುವ ಬಾಟಲಿಗಳು ಹೆಚ್ಚಾಗಿ 40 ಯೂನಿಟ್‌ನವು, ಅವಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಗಲ್ಫಿನ ಬಾಟಲಿಯಿಂದ 20ರ ಗೆರೆಗೆ ಎಳೆದರೆ ಒಳಹೋಗುವುದು 20 ಯೂನಿಟ್ ಅಲ್ಲ, 50. ರಾತ್ರಿ ಮಲಗಿದವರು ಬೆಳಗ್ಗೆ ಏಳದಿರಲು ಇಷ್ಟು ಸಾಕು. 100ರ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜೇ ಆಗಬೇಕು.

ಇವನ್ನೆಲ್ಲ ಹೇಳಬೇಕಾದವರು ಯಾರು, ಯಾವ ಭಾಷೆಯಲ್ಲಿ? ನಮ್ಮ ರೋಗಿಯ ಪಾಡು ವಿಚಿತ್ರವಾದುದು. ದೊಡ್ಡ ವೈದ್ಯರು ತಲಪಾಡಿಯ ಆಚೆಗಿದ್ದಾರೆ. ಅವರು ತುಳುವಿನಲ್ಲೋ ಕನ್ನಡದಲ್ಲೋ ಮಾತನಾಡಿ ಇಂಗ್ಲಿಷಿನಲ್ಲಿ ಚೀಟಿ ಬರೆಯುತ್ತಾರೆ. ತಿಂಗಳು ತಿಂಗಳ ಮದ್ದು ಈಚೆಗಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ. ಅಲ್ಲಿನ ತಿಳಿವಳಿಕೆ ಫಲಕಗಳು ಮಲೆಯಾಳದಲ್ಲಿ. 2020ರ ಮಾರ್ಚ್ ಕೊನೆಗೆ ಗಡಿ ಮುಚ್ಚಿದಾಗ ಮಂಗಳೂರು ತಲುಪಲಾಗದೆ ರೋಗಿಗಳು ಸತ್ತುದನ್ನು ಕಂಡ ನಮಗೆ, ಈ ಇಬ್ಬಗೆಯ ಅವಲಂಬನೆ ಎಷ್ಟು ದುರ್ಬಲವೆಂದು ಬೇರೆ ಹೇಳಬೇಕಿಲ್ಲ. ಇನ್ಸುಲಿನ್ ಕೊಡುವವರು ಒಂದೆಡೆ, ವಾರದ ಸೂಜಿ ಬರೆದವರು ಇನ್ನೊಂದೆಡೆ. ಎರಡು ಚೀಟಿಗಳನ್ನು ಜೊತೆಗಿಟ್ಟು ನೋಡುವವರಿಲ್ಲ.

ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಶೈಲಿ ಆ್ಯಪಿನಲ್ಲಿ ಮೂವತ್ತು ದಾಟಿದವರ ಜೀವನಶೈಲಿ ರೋಗಗಳ ವಿವರ ದಾಖಲಿಸುತ್ತಾರೆ. ಅದೇ ಭೇಟಿಯಲ್ಲಿ ಅವರ ಕೈಯಲ್ಲಿ ಕನ್ನಡದ ಒಂದು ಹಾಳೆಯಿದ್ದರೆ ಸಾಕು: ವಾರದ ಸೂಜಿ ಇನ್ಸುಲಿನ್ ಅಲ್ಲ, ಹೇಳದೆ ಇನ್ಸುಲಿನ್ ನಿಲ್ಲಿಸಬೇಡಿ, ಪೆನ್ನು ಹಂಚಿಕೊಳ್ಳಬೇಡಿ, ಸಿರಿಂಜಿನ ಮುಚ್ಚಳದ ಬಣ್ಣವನ್ನೂ ಬಾಟಲಿಯ ಮೇಲಿನ ಅಂಕಿಯನ್ನೂ ತಾಳೆ ನೋಡಿ. ಇದು ಔದಾರ್ಯದ ಬೇಡಿಕೆಯಲ್ಲ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಭೂದಾಖಲೆಗಾಗಿ, ಅಧ್ಯಾಪಕರ ನೇಮಕಾತಿಗಾಗಿ ಈ ಕಾಯಿದೆಯನ್ನು ಎತ್ತಿ ಹಿಡಿದ ನಾವು ಔಷಧದ ಚೀಟಿಗಾಗಿ ಎತ್ತಿದ್ದು ಕಡಿಮೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಪ್ರತಿ ಪಂಚಾಯತಿನಿಂದ ಜಿಲ್ಲಾ ವೈದ್ಯಾಧಿಕಾರಿಗಳಿಗೆ ಕನ್ನಡದಲ್ಲಿಯೇ ಒಂದೊಂದು ಮನವಿ ಹೋಗಲಿ. ಜೂನ್‌ನಲ್ಲಿ ಶಾಲೆಗಳು ತೆರೆಯುವಾಗ, ಇನ್ಸುಲಿನ್ ತೆಗೆದುಕೊಳ್ಳುವ ಮಗುವಿರುವ ಪ್ರತಿ ಕನ್ನಡ ಶಾಲೆಯ ಅಧ್ಯಾಪಕರ ಕೊಠಡಿಯ ಗೋಡೆಯಲ್ಲಿ ಆ ಹಾಳೆ ಅಂಟಿರಬೇಕು.