ಪ್ರಶ್ನೆ ಕೇಳುವ ಮಕ್ಕಳು

ಅಮೆರಿಕದಲ್ಲಿ 1925ರಲ್ಲಿ ಆರಂಭವಾದ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ ಸ್ಪರ್ಧೆಯನ್ನು ರಾಯಚೂರಿನಲ್ಲಿ ಕುಳಿತು ನೋಡುವುದು ನನಗೊಂದು ಗೀಳೇ ಆಗಿದೆ. ಅಲ್ಲಿ ಕೇಳುವ ಪದಗಳಲ್ಲಿ ಬಹುಪಾಲು ನನಗೆ ಗೊತ್ತಿಲ್ಲ. ಗೊತ್ತಾಗಿ ಆಗಬೇಕಾದ್ದೂ ಇಲ್ಲ. ಆದರೂ ಕಣ್ಣು ಕೀಳಲಾಗುವುದಿಲ್ಲ.

ನಮ್ಮವರ ಮಕ್ಕಳು ಗೆಲ್ಲುತ್ತಾರೆಂಬ ಅಭಿಮಾನ ಇದಕ್ಕೊಂದು ಕಾರಣವಿರಬಹುದು. 1985ರಲ್ಲಿ ಬಾಲು ನಟರಾಜನ್ ಗೆದ್ದ ಮೇಲೆ ಭಾರತೀಯ ಮೂಲದ ವಿಜೇತರ ಸಾಲೇ ಬೆಳೆಯಿತು. ಕನ್ನಡ ಮೂಲದ ಕುಟುಂಬದ ಕಾವ್ಯಾ ಶಿವಶಂಕರ್ 2009ರಲ್ಲಿ ಗೆದ್ದರೆ, ತಂಗಿ ವನ್ಯಾ 2015ರಲ್ಲಿ ಜಂಟಿ ವಿಜೇತೆಯಾದಳು. ಆದರೆ ಅಭಿಮಾನಕ್ಕೆ ಮರುದಿನದ ಪತ್ರಿಕೆಯೇ ಸಾಕು. ಭಯವೂ ಪ್ರೇಕ್ಷಕರನ್ನು ಸೆಳೆಯುತ್ತದೆ. 2004ರಲ್ಲಿ ಅಕ್ಷಯ್ ಬುಡ್ಡಿಗ ವೇದಿಕೆಯ ಮೇಲೆಯೇ ಕುಸಿದುಬಿದ್ದು, ಎದ್ದು ನಿಂತು, ಕೇಳಿದ ಪದದ ಅಕ್ಷರಗಳನ್ನು ತಪ್ಪಿಲ್ಲದೆ ಹೇಳಿದ. ಆ ದೃಶ್ಯವನ್ನು ಮತ್ತೆ ಮತ್ತೆ ನೋಡಬಯಸುವ ಕಣ್ಣುಗಳ ಬಗ್ಗೆ, ನನ್ನವೂ ಸೇರಿ, ನನಗೆ ಅಷ್ಟೇನೂ ಗೌರವವಿಲ್ಲ.

ನನ್ನನ್ನು ಹಿಡಿದು ಕೂರಿಸುವುದು ಬೇರೆಯೇ ಸಂಗತಿ. ಅಲ್ಲಿ ಮಗು ಪ್ರಶ್ನೆ ಕೇಳುತ್ತದೆ. ಈ ಪದ ಯಾವ ಭಾಷೆಯದು? ಅರ್ಥವೇನು? ವಾಕ್ಯದಲ್ಲಿ ಬಳಸಿ ಹೇಳುವಿರಾ? ಬೇರೆ ಉಚ್ಚಾರಣೆ ಉಂಟೇ? 2003ರಿಂದ ಪದಗಳನ್ನು ಉಚ್ಚರಿಸುತ್ತ ಬಂದಿರುವ ಜಾಕ್ ಬೈಲಿ, ಸ್ವತಃ 1980ರ ವಿಜೇತರು, ಸಾವಧಾನದಿಂದ ಉತ್ತರಿಸುತ್ತಾರೆ. ಕಂಠಪಾಠ ಅಲ್ಲಿಯೂ ವಿಪರೀತವೇ. ಆದರೆ ಕಂಠಪಾಠ ಕೈಕೊಟ್ಟಲ್ಲಿ ಪ್ರಶ್ನೆಯೇ ದಾರಿ. ಕಾವ್ಯಾ ಅಂಗೈ ಮೇಲೆ ಬೆರಳಾಡಿಸಿ ಬರೆದುಕೊಳ್ಳುತ್ತಿದ್ದಾಗ ಮಗುವೊಂದು ಯೋಚಿಸುವುದನ್ನು ಕಣ್ಣಾರೆ ಕಾಣಬಹುದಿತ್ತು.

ನುಡಿದಂತೆ ಬರೆಯುವ ಕನ್ನಡಕ್ಕೆ ಇದೆಲ್ಲ ಏಕೆ ಎನ್ನುವವರು 'ಶುಶ್ರೂಷೆ' ಎಂಬ ಪದವನ್ನು ಬರೆಸಿ ನೋಡಲಿ. ಆಡುಮಾತಿನಲ್ಲಿ ಶ-ಷ ಭೇದವಾಗಲಿ, ಮಹಾಪ್ರಾಣವಾಗಲಿ ಕಿವಿಗೆ ಬೀಳುವುದೇ ಕಡಿಮೆ. ನಮ್ಮ ಉಕ್ತಲೇಖನದ ಪದ್ಧತಿ ಹೇಗಿದೆ? ಮಾಸ್ತರರು ಹೇಳುತ್ತಾರೆ, ಮಗು ಬಾಯಿ ಮುಚ್ಚಿಕೊಂಡು ಬರೆಯುತ್ತದೆ, ತಪ್ಪಿದರೆ ಹತ್ತು ಸಲ ತಿದ್ದುತ್ತದೆ. ಪದದ ಮೂಲವನ್ನು ಕೇಳುವ ಅವಕಾಶವಿದ್ದರೆ, ಸಂಸ್ಕೃತದ 'ಘಂಟಾ' ಕನ್ನಡಕ್ಕೆ ಬಂದು 'ಗಂಟೆ'ಯಾಗಿ ಮೆತ್ತಗಾದದ್ದೂ, ಪಾರಸಿಯ 'ಖರ್ಚು' ತನ್ನ ಮಹಾಪ್ರಾಣವನ್ನು ಬಿಟ್ಟುಕೊಡದಿರುವುದೂ ಅದಕ್ಕೆ ತಿಳಿದೀತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಅದು ಊರಿನ ಚರಿತ್ರೆಯ ಪಾಠವೂ ಹೌದು.

2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅನಕ್ಷರಸ್ಥರು. ದೇವದುರ್ಗ, ಮಾನ್ವಿಯ ಹಳ್ಳಿಗಳ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಅಕ್ಷರದ ಸಂದೇಹ ಕೇಳಲು ಯಾರೂ ಇಲ್ಲ. ಶಾಲೆಯಲ್ಲಿಯೂ ಕೇಳುವಂತಿಲ್ಲವಾದರೆ ಆ ಮಕ್ಕಳು ಎಲ್ಲಿಗೆ ಹೋಗಬೇಕು? ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠಕ್ಕೆ ಜಾಗವಿದೆ. ಅದೇ ವೇದಿಕೆಯಲ್ಲಿ ಈ ಎರಡು ತಾಲ್ಲೂಕುಗಳಿಂದಲೇ ಬಾಯಿಮಾತಿನ ಉಕ್ತಲೇಖನ ಸ್ಪರ್ಧೆಯೊಂದು ಶುರುವಾಗಲಿ. ಪ್ರತಿ ಪದಕ್ಕೂ ನಾಲ್ಕು ಪ್ರಶ್ನೆ ಕೇಳುವ ಹಕ್ಕು ಮಗುವಿಗಿರಲಿ, ಉತ್ತರಿಸುವ ಹೊಣೆ ಮಾಸ್ತರರದ್ದಾಗಲಿ. ನೋಡಲು ಪಾಲಕರನ್ನೂ ಕರೆಯಿರಿ, ಮುಂದಿನ ಸಾಲಿನಲ್ಲಿಯೇ ಕೂರಿಸಿ.